ಯಾವ ಮಾತಿನ ಚಿಕಿತ್ಸೆ, ಯಾರಿಗೆ, ಯಾವಾಗ? ಸೈಕೋಸಿಸ್ ಇರುವ ಮನೆಯಿಂದ ಒಂದು ಹೋಲಿಕೆ

ಚೀಟಿಯಲ್ಲಿ ಮೂರು ಮಾತ್ರೆಯ ಹೆಸರು ಬರೆದು, ಕೆಳಗೆ ‘ಥೆರಪಿ’ ಅಂತ ಒಂದೇ ಪದ ಗೀಚಿ ಡಾಕ್ಟರು ನಮ್ಮ ಕೈಗಿಟ್ಟರು. ಯಾವ ಥೆರಪಿ ಎಂದು ಕೇಳಬೇಕು ಅನ್ನುವಷ್ಟರಲ್ಲಿ ಮುಂದಿನ ಟೋಕನ್ ಕೂಗಿಯಾಗಿತ್ತು. ಅಣ್ಣ ಆಗಲೇ ಎದ್ದು ಬಾಗಿಲ ಹತ್ತಿರ ನಿಂತಿದ್ದ. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ, ಯಾವ ಕೌಂಟರಿನಲ್ಲಿ ಸಿಗುತ್ತದೆ ಎಂದು ಹೇಳುವವರಿದ್ದರು. ಥೆರಪಿಯಲ್ಲಿ ಎಷ್ಟು ಬಗೆ, ಯಾವುದರಿಂದ ಏನು ನಿರೀಕ್ಷಿಸಬಹುದು ಎಂದು ಹೇಳುವವರು ಆ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಆ ಕೆಲಸಕ್ಕೆ ಈಗ ಕೂತಿದ್ದೇನೆ. ನಾನು ಡಾಕ್ಟರಲ್ಲ. ಅಣ್ಣನ ಫೈಲು ಹಿಡಿದು ಒಂಬತ್ತು ವರ್ಷದಿಂದ ತಿಪಟೂರಿಗೂ ಬೆಂಗಳೂರಿಗೂ ಓಡಾಡುತ್ತಿರುವ ತಂಗಿ.

ಸೈಕೋಸಿಸ್ ಅಂದರೆ ಇಲ್ಲದ ದನಿ ಕೇಳುವುದು, ಯಾರೋ ಹಿಂದೆ ಬಿದ್ದಿದ್ದಾರೆ ಎಂಬ ಗಟ್ಟಿ ನಂಬಿಕೆ, ಮಾತಿನ ಎಳೆ ತಪ್ಪುವುದು. ಸ್ಕಿಜೋಫ್ರೇನಿಯಾದಲ್ಲಿ ಇವುಗಳ ಜತೆಗೆ ಇನ್ನೊಂದು ಮುಖವೂ ಇದೆ: ಉತ್ಸಾಹವೇ ಬತ್ತಿಹೋಗುವುದು, ಸ್ನಾನಕ್ಕೂ ಏಳದಿರುವುದು, ಜನರಿಂದ ದೂರ ಸರಿಯುವುದು. ಊರಿನವರಿಗೆ ಮೊದಲನೆಯದು ಗಾಳಿ ಹಿಡಿದಂತೆ ಕಾಣುತ್ತದೆ, ಎರಡನೆಯದು ಸೋಮಾರಿತನದಂತೆ. ಎರಡೂ ಕಾಯಿಲೆಯೇ.

ಮಾತ್ರೆಯೋ ಮಾತೋ ಎಂಬುದು ಈ ಬರಹದ ಪ್ರಶ್ನೆಯಲ್ಲ. ಇಲ್ಲಿ ಹೇಳುವ ಚಿಕಿತ್ಸೆಗಳೆಲ್ಲ ಮಾತ್ರೆಯ ಜತೆಗೆ ನಡೆಯುವಂಥವು. ರಾತ್ರಿಯೆಲ್ಲ ನಿದ್ದೆಯಿಲ್ಲ, ಊಟದಲ್ಲಿ ವಿಷ ಹಾಕಿದ್ದಾರೆ ಎಂದು ತಟ್ಟೆ ತಳ್ಳುತ್ತಿದ್ದಾರೆ, ಸಾಯುವ ಮಾತಾಡುತ್ತಿದ್ದಾರೆ ಅಂದರೆ ಥೆರಪಿ ಆರಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆರಿಸುವ ಮೊದಲು ಒಂದು ಪ್ರಶ್ನೆ

ಥೆರಪಿಯ ಹೆಸರುಗಳನ್ನು ಓದುವ ಮೊದಲು ಕಾಯಿಲೆಯಲ್ಲಿರುವವರನ್ನೇ ಕೇಳಿ: ಏನು ಸರಿಹೋದರೆ ನಿನಗೆ ಸಾಕು ಅನ್ನಿಸುತ್ತೆ?

ಮೊದಲ ವರ್ಷ ಅಣ್ಣನನ್ನು ಕೇಳಿದಾಗ, "ಆ ಇಬ್ಬರು ಮಾತಾಡೋದು ನಿಲ್ಲಲಿ" ಅಂದ. ಆರನೇ ವರ್ಷ ಅದೇ ಪ್ರಶ್ನೆ ಕೇಳಿದೆ. ದನಿಗಳು ಪೂರ್ತಿ ಹೋಗಿರಲಿಲ್ಲ, ತಗ್ಗಿದ್ದವು. "ಅವರು ಮಾತಾಡಿಕೊಳ್ಳಲಿ ಬಿಡು. ನನಗೆ ಬೇಜಾರು. ಬೆಳಗಾಗಿ ಬೈಗಾಗುತ್ತೆ, ಅಷ್ಟೆ" ಅಂದ.

ಒಬ್ಬನೇ ಮನುಷ್ಯ, ಒಂದೇ ಕಾಯಿಲೆ, ಆದರೆ ಉತ್ತರ ಎರಡು. ಮೊದಲನೆಯದಕ್ಕೆ ಒಂದು ಚಿಕಿತ್ಸೆ ಹೊಂದುತ್ತದೆ, ಎರಡನೆಯದಕ್ಕೆ ಬೇರೊಂದು. ಇದು ನಮಗೆ ಆರು ವರ್ಷ ತಡವಾಗಿ ಹೊಳೆಯಿತು.

ಸಿಬಿಟಿ: ದನಿಯ ಜತೆ, ಅನುಮಾನದ ಜತೆ ಕೂತು ಕೆಲಸ ಮಾಡುವುದು

ಸಿಬಿಟಿ ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ನಮ್ಮ ಯೋಚನೆ ಮತ್ತು ನಡವಳಿಕೆಯ ಜಾಡು ಹಿಡಿದು ಅದನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಹೆಚ್ಚು ಅಧ್ಯಯನ ನಡೆದಿರುವುದು, ಹೆಚ್ಚು ಕಡೆ ಸಿಗುವುದು ಇದೇ. ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು 1952ರಲ್ಲೇ ಭ್ರಮೆಯಿದ್ದ ರೋಗಿಯೊಬ್ಬರಿಗೆ ಮಾತಿನ ಮೂಲಕ ಚಿಕಿತ್ಸೆ ಮಾಡಿದ್ದನ್ನು ಬರೆದಿದ್ದರು. ಆದರೂ ಇದು ಖಿನ್ನತೆಯ ಚಿಕಿತ್ಸೆ ಎಂದೇ ಹೆಸರಾಯಿತು, ಸೈಕೋಸಿಸ್‌ಗೆ ವ್ಯವಸ್ಥಿತವಾಗಿ ಬಳಕೆಯಾದದ್ದು ಎಷ್ಟೋ ಕಾಲದ ಮೇಲೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿ ಸೈಕೋಸಿಸ್ ಇರುವ ಎಲ್ಲರಿಗೂ ಇದನ್ನು ಕೊಡಬೇಕು, ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕನಿಷ್ಠ 16 ಸೆಷನ್ ನಡೆಯಬೇಕು ಎನ್ನುತ್ತದೆ.

ಒಳಗೆ ನಡೆಯುವುದೇನು? "ನಿನಗೆ ಕೇಳಿಸೋದು ಸುಳ್ಳು" ಎಂದು ವಾದ ಮಾಡುವುದಂತೂ ಅಲ್ಲ. ವಾದ ನಾವು ಮನೆಯಲ್ಲೇ ಸಾಕಷ್ಟು ಮಾಡಿದ್ದೆವು. ಪಕ್ಕದ ತೋಟದ ಬೋರ್‌ವೆಲ್ ಮೋಟಾರು ಶುರುವಾದಾಗಲೆಲ್ಲ ಅದರ ಸದ್ದಿನೊಳಗೆ ಇಬ್ಬರು ತನ್ನನ್ನು ಬೈಯುತ್ತಾರೆ ಎಂದು ಅಣ್ಣ ಹೇಳುತ್ತಿದ್ದ. ಸೈಕಾಲಜಿಸ್ಟ್ ಅದನ್ನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. "ಇದು ನಿಜ ಅಂತ ನೂರಕ್ಕೆ ಎಷ್ಟು ಅನ್ನಿಸುತ್ತೆ?" ಅಂದರು. ನೂರಕ್ಕೆ ನೂರು ಅಂದ. ಎಷ್ಟು ಹೊತ್ತಿಗೆ ಜೋರು, ಎಷ್ಟು ಹೊತ್ತಿಗೆ ಕಮ್ಮಿ, ಆಗ ಪಕ್ಕದಲ್ಲಿ ಯಾರಿದ್ದರು ಎಂದು ಬರೆದಿಡಲು ಹೇಳಿದರು. ಮೂರು ವಾರದ ಬರವಣಿಗೆ ನೋಡಿದರೆ, ಮಧ್ಯಾಹ್ನ ಒಬ್ಬನೇ ಇದ್ದಾಗ, ಹಿಂದಿನ ರಾತ್ರಿ ನಿದ್ದೆಗೆಟ್ಟಾಗ ಬೈಗುಳ ಜೋರು. ಸೋದರಮಾವ ಬಂದು ಎಲೆ ಅಡಿಕೆ ಹಾಕಿಕೊಂಡು ಹರಟಿದ ದಿನ ಮೋಟಾರು ಓಡಿದರೂ ಬೈಗುಳವಿಲ್ಲ. ನೂರು ಎಪ್ಪತ್ತಕ್ಕೆ ಇಳಿಯಿತು. ಸೊನ್ನೆಗೆ ಇಳಿಯಲೇ ಇಲ್ಲ. ಆದರೆ ನೂರರಲ್ಲಿದ್ದಾಗ ಕಲ್ಲು ತೆಗೆದುಕೊಂಡು ಪಕ್ಕದ ತೋಟಕ್ಕೆ ಹೋಗುತ್ತಿದ್ದವನು ಎಪ್ಪತ್ತರಲ್ಲಿ ಎದ್ದು ಒಳಗೆ ಬಂದು ರೇಡಿಯೋ ಹಾಕುತ್ತಿದ್ದ.

ಸಂಶೋಧನೆಗಳ ಒಟ್ಟು ಲೆಕ್ಕವೂ ಹೀಗೇ ಇದೆ. ಪ್ರಯೋಜನ ಇದೆ, ಪವಾಡವಿಲ್ಲ. ದನಿಗಿಂತ ದನಿಯ ಹೆದರಿಕೆ ಕಮ್ಮಿಯಾಗುವುದೇ ಹೆಚ್ಚಿನವರ ಅನುಭವ. ಇದರ ಕಷ್ಟ ಏನೆಂದರೆ ಮನೆಗೆಲಸ ಕೊಡುತ್ತಾರೆ, ಬರೆಯಬೇಕು, ಗಮನ ಬೇಕು. ಮಾತ್ರೆಯ ಮಂಪರಿನಲ್ಲಿ ಬೆಳಗ್ಗೆ ಹತ್ತರವರೆಗೆ ತೂಗುವವರಿಗೆ ಒಂಬತ್ತರ ಸೆಷನ್ ಸಿಕ್ಕರೆ ಬಸ್ ಚಾರ್ಜು ದಂಡ. ಮಧ್ಯಾಹ್ನದ ಹೊತ್ತು ಕೇಳಿ ಪಡೆಯಿರಿ, ಕೊಡುತ್ತಾರೆ.

ಕುಟುಂಬದ ಚಿಕಿತ್ಸೆ: ನಮ್ಮ ಬಾಯಿಗೆ ಮದ್ದು

ಹೆಸರು ಕೇಳಿದ ಕೂಡಲೇ ಮನೆಯವರು ಮುನಿಸಿಕೊಳ್ಳುತ್ತಾರೆ. "ಹುಷಾರಿಲ್ಲದಿರೋದು ಅವನಿಗೆ, ಕರೆಯೋದು ನಮ್ಮನ್ನಾ?" ಅಮ್ಮನ ಮೊದಲ ಮಾತೂ ಇದೇ.

ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಎಂದು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ದಶಕಗಳ ಹಿಂದೆ ನೋಡುತ್ತ ಹೋದರು. ಮನೆಯಲ್ಲಿ ಟೀಕೆ, ಕಹಿ, ಅತಿಯಾದ ಮುಚ್ಚಟೆ ಇದ್ದ ಕಡೆ ಮರುಕಳಿಸುವುದು ಹೆಚ್ಚು ಎಂದು ಕಂಡುಬಂತು. ಕಾಯಿಲೆಗೆ ಮನೆಯವರು ಕಾರಣ ಎಂದು ಇದರ ಅರ್ಥವಲ್ಲ. ಕಾಲು ಮುರಿದವನಿಗೆ ಮೆಟ್ಟಿಲು ಹತ್ತು ಎಂದರೆ ನೋವು ಹೆಚ್ಚುತ್ತದಲ್ಲ, ಹಾಗೆ. ನಮ್ಮ ಮನೆಯಲ್ಲಿ ಅಪ್ಪನದು "ಎದ್ದೇಳೋ ದಂಡಪಿಂಡ", ಅಮ್ಮನದು ಮೂವತ್ತೆರಡರ ಮಗನಿಗೆ ಅನ್ನ ಕಲಸಿ ಬಾಯಿಗಿಡುವುದು. ಎರಡೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ ಎಂದು ಗೊತ್ತಾದ ದಿನ ಅಮ್ಮ ಅತ್ತಳು.

ಮನೆಯವರನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವುದು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜತೆ ಮನೆಯವರನ್ನೂ ಉಳಿಸಿಕೊಳ್ಳುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬವನ್ನು ಜತೆಗಿಟ್ಟುಕೊಂಡು ನಡೆಸುವ ಚಿಕಿತ್ಸೆಗೆ ದೊಡ್ಡ ಇತಿಹಾಸವಿದೆ.

ಮರುಕಳಿಸುವುದನ್ನು ತಡೆಯುವ ಲೆಕ್ಕದಲ್ಲಿ ಮಾತಿನ ಚಿಕಿತ್ಸೆಗಳ ಪೈಕಿ ಇದಕ್ಕಿರುವ ಆಧಾರ ಬಲವಾದದ್ದು. ನೈಸ್ ಹೇಳುವ ಪ್ರಮಾಣ ಮೂರು ತಿಂಗಳಿಂದ ಒಂದು ವರ್ಷದೊಳಗೆ ಕನಿಷ್ಠ 10 ಸೆಷನ್. ಪದೇ ಪದೇ ಆಸ್ಪತ್ರೆ ಸೇರುತ್ತಿದ್ದರೆ, ಮನೆಯಲ್ಲಿ ದಿನಾ ಜಗಳವಿದ್ದರೆ, ಮಾತ್ರೆ ಬಿಡುವುದೇ ದೊಡ್ಡ ತಲೆನೋವಾಗಿದ್ದರೆ ನಾನು ಬೇರೆಲ್ಲಕ್ಕಿಂತ ಮೊದಲು ಇದನ್ನೇ ಆರಿಸುತ್ತೇನೆ. ಕಾಯಿಲೆಯವರು ತಾವು ಬರುವುದಿಲ್ಲ ಎಂದು ಹಟ ಹಿಡಿದಾಗಲೂ ಮನೆಯವರು ಹೋಗಿ ಶುರುಮಾಡಬಹುದಾದ ಚಿಕಿತ್ಸೆ ಇದು.

ನೆಮ್ಮದಿಯನ್ನೇ ಗುರಿಯಾಗಿಟ್ಟ ಚಿಕಿತ್ಸೆ

ಈಗ ಅಣ್ಣನ ಎರಡನೇ ಉತ್ತರಕ್ಕೆ ಬರುತ್ತೇನೆ. ಬೇಜಾರಿಗೆ ಸಿಬಿಟಿಯವರು ಏನೂ ಮಾಡುವುದಿಲ್ಲ ಎಂದಲ್ಲ, ಆದರೆ ಅದರ ಮುಖ ತೊಂದರೆಯ ಕಡೆಗೆ. ಈ ಚಿಕಿತ್ಸೆಯ ಮುಖ ಬೇರೆ ಕಡೆ. ಕಾಯಿಲೆ ಹೋದ ಮೇಲೆ ಬದುಕೋಣ ಎಂದು ಕಾಯುವ ಬದಲು, ಕಾಯಿಲೆ ಇರುವಾಗಲೇ ಬದುಕಿನಲ್ಲಿ ಏನು ಉಳಿದಿದೆ, ಏನು ಬೆಳೆಸಬಹುದು ಎಂದು ನೋಡುತ್ತದೆ.

ಇದರ ಬೇರು ಪಾಸಿಟಿವ್ ಸೈಕೋಥೆರಪಿ. ಮಾರ್ಟಿನ್ ಸೆಲಿಗ್‌ಮನ್, ತಯ್ಯಬ್ ರಶೀದ್ ಮುಂತಾದವರು 2006ರಲ್ಲಿ ಪ್ರಕಟಿಸಿದಾಗ ಅದು ಖಿನ್ನತೆಯ ಚಿಕಿತ್ಸೆಯಾಗಿತ್ತು. ಅದನ್ನು ಸೈಕೋಸಿಸ್ ಇರುವವರಿಗೆ ಹೊಂದಿಸಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮೈಕ್ ಸ್ಲೇಡ್ ತಂಡ ‘ವೆಲ್‌ಫೋಕಸ್’ ಎಂಬ ಹೆಸರಿನಲ್ಲಿ ರೂಪಿಸಿತು. ಗುಂಪಿನಲ್ಲಿ ಕೂತು ಮಾಡುವ 11 ಸೆಷನ್. ತಿನ್ನುವುದು ಕುಡಿಯುವುದನ್ನು ನಿಧಾನವಾಗಿ ಆಸ್ವಾದಿಸುವುದು, ದಿನದ ಒಳ್ಳೆಯ ಸಂಗತಿಗಳನ್ನು ಗುರುತಿಸುವುದು, ತನ್ನ ಗುಣದಲ್ಲಿ ಗಟ್ಟಿಯಾದದ್ದು ಯಾವುದೆಂದು ಕಂಡುಕೊಂಡು ಅದನ್ನು ಕೆಲಸಕ್ಕೆ ಹಚ್ಚುವುದು, ಕ್ಷಮೆ, ಕೃತಜ್ಞತೆ, ಕೊನೆಗೊಂದು ಸಂಭ್ರಮ. ನಡೆಸಿಕೊಡುವವರು ಬರೀ ಪ್ರಶ್ನೆ ಕೇಳುತ್ತ ಕೂರುವುದಿಲ್ಲ, ತಮ್ಮ ಅನುಭವವನ್ನೂ ಹಂಚಿಕೊಳ್ಳುತ್ತಾರೆ.

ಫಲಿತಾಂಶವನ್ನು ಉಪ್ಪು ಖಾರ ಹಚ್ಚದೆ ಹೇಳುತ್ತೇನೆ. 94 ಜನರ ಮೇಲೆ ನಡೆದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ನೆಮ್ಮದಿ ಅಳೆಯಲು ಮುಖ್ಯವೆಂದು ಇಟ್ಟುಕೊಂಡಿದ್ದ ಮಾಪಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಕಾಯಿಲೆಯ ಲಕ್ಷಣಗಳನ್ನೂ ಖಿನ್ನತೆಯನ್ನೂ ಅಳೆದ ಬೇರೆ ಮಾಪಕಗಳಲ್ಲಿ ಸುಧಾರಣೆ ಕಂಡಿತು. ನೆಮ್ಮದಿಗೆ ಗುರಿಯಿಟ್ಟರೆ ಲಕ್ಷಣಕ್ಕೆ ತಾಗಿದೆ. ಸಣ್ಣ ಪ್ರಯೋಗ ಅದು. ಸಿಬಿಟಿ, ಕುಟುಂಬ ಚಿಕಿತ್ಸೆಗಳ ಹಿಂದಿರುವಷ್ಟು ಆಧಾರ ಇದರ ಹಿಂದಿಲ್ಲ. "ಪಾಸಿಟಿವ್ ಥೆರಪಿಯಿಂದ ಸ್ಕಿಜೋಫ್ರೇನಿಯಾ ವಾಸಿ" ಎಂದು ಯಾರಾದರೂ ಬೋರ್ಡು ಹಾಕಿದ್ದರೆ ಆ ಮೆಟ್ಟಿಲು ಹತ್ತಬೇಡಿ.

ಆ 11 ಸೆಷನ್ನಿನ ಪೂರ್ತಿ ಕಾರ್ಯಕ್ರಮ ಅಣ್ಣನಿಗೆ ಸಿಗಲಿಲ್ಲ. ಅವನ ಸೈಕಾಲಜಿಸ್ಟ್ ಅದೇ ಬಗೆಯ ಕೆಲವು ಅಭ್ಯಾಸಗಳನ್ನು ನಾಲ್ಕೈದು ತಿಂಗಳು ಮಾಡಿಸಿದರು. ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಯಬೇಕು. ಮೊದಲ ವಾರದ ನೋಟ್‌ಬುಕ್ಕಿನಲ್ಲಿ ಏಳು ದಿನವೂ ‘ಏನಿಲ್ಲ’. ಎರಡನೇ ವಾರ ಬುಧವಾರ ಒಂದು ಸಾಲು: ‘ಹಾಲು ಉಕ್ಕಲಿಲ್ಲ.’ ಅಷ್ಟೆ. ನಾನು ನಕ್ಕೆ, ಆಮೇಲೆ ಕೇಳಿದೆ. ಅಮ್ಮ ಹಿತ್ತಿಲಿಗೆ ಹೋದಾಗ ಇವನು ಒಲೆ ಮುಂದೆ ನಿಂತು ಹಾಲು ಕಾದಿದ್ದನಂತೆ. ಉಕ್ಕುವ ಹೊತ್ತಿಗೆ ಉರಿ ಸಣ್ಣ ಮಾಡಿದ್ದನಂತೆ. ಐದು ವರ್ಷದಲ್ಲಿ ಅವನು ಅಡುಗೆ ಮನೆಗೆ ಕಾಲಿಟ್ಟಿದ್ದೇ ಊಟಕ್ಕೆ.

ಗಟ್ಟಿ ಗುಣ ಹುಡುಕುವ ಹೊತ್ತಿಗೆ ಅಟ್ಟದ ಮಾತು ಬಂತು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹರವಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕಾಯಿಲೆಗೆ ಮುಂಚೆ ಈ ಕೆಲಸದಲ್ಲಿ ಅಣ್ಣನದು ಎತ್ತಿದ ಕೈ. ಆಮೇಲೆ ಅಪ್ಪ ಅವನನ್ನು ಅಟ್ಟ ಹತ್ತಲು ಬಿಡಲಿಲ್ಲ. ಇಲ್ಲದ್ದನ್ನು ಕೇಳುವವನ ಕಿವಿಯನ್ನು ನಂಬುವುದು ಹೇಗೆ ಎಂದು ಅವರ ಲೆಕ್ಕ. ಬಾಯಿಬಿಟ್ಟೇ ಅಂದಿದ್ದರು ಕೂಡ. ಸೈಕಾಲಜಿಸ್ಟ್ ಇದನ್ನೆಲ್ಲ ಕೇಳಿ, ಕೈಚಳಕ ಬೇರೆ ಗುಣ ಬೇರೆ, ಇದರ ಹಿಂದಿರುವುದು ತಾಳ್ಮೆ ಎಂದು ಬರೆದುಕೊಂಡರಂತೆ. ಮುಂದಿನ ವಾರದ ಅಭ್ಯಾಸ: ದಿನಕ್ಕೆ ಐವತ್ತು ಕಾಯಿ. ಅಪ್ಪ ಮೊದಲ ದಿನ ಕೆಳಗೆ ನಿಂತು ಒಂದೊಂದನ್ನೂ ತಾವೂ ಅಲ್ಲಾಡಿಸಿ ನೋಡಿದರು. ಎರಡನೇ ದಿನ ನೋಡಲಿಲ್ಲ.

ದನಿಗಳು? ಇವೆ. ಅಟ್ಟದ ಮೇಲೆ ಕಮ್ಮಿ ಅನ್ನುತ್ತಾನೆ.

ಈ ಚಿಕಿತ್ಸೆಯಲ್ಲಿ ನನಗೆ ಕಿರಿಕಿರಿಯಾದ ಎರಡು ಜಾಗಗಳೂ ಇವೆ. ಒಂದು, ಕೃತಜ್ಞತೆ. ಲಂಡನ್ನಿನಲ್ಲಿ ಅದು ಹಗುರ ಮಾತಿರಬಹುದು, ನಮ್ಮ ಮನೆಗಳಲ್ಲಿ ಅದು ಕೂಡಲೇ ಋಣವಾಗುತ್ತದೆ. ‘ನನ್ನಿಂದ ಎಲ್ಲರಿಗೂ ತೊಂದರೆ, ಆದರೂ ನೋಡಿಕೊಳ್ಳುತ್ತಿದ್ದಾರೆ’ ಎಂದು ಅಣ್ಣ ಬರೆದಿದ್ದ. ಅದು ಕೃತಜ್ಞತೆ ಅಲ್ಲ, ಕುಗ್ಗುವಿಕೆ. ಹೇಳಿದ ಮೇಲೆ ಸೈಕಾಲಜಿಸ್ಟ್ ಆ ಅಭ್ಯಾಸವನ್ನು ಬದಲಿಸಿದರು: ಮನೆಯವರನ್ನು ಬಿಟ್ಟು ಬೇರೆ ಯಾರಿಗಾದರೂ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದಾಗ ಬಿಟ್ಟ ಕಂಡಕ್ಟರಿಗೆ ಬರೆದ. ಎರಡನೆಯದು ಕ್ಷಮೆ. ಕಾಯಿಲೆಯ ಶುರುವಿನಲ್ಲಿ ದೆವ್ವ ಬಿಡಿಸುತ್ತೇನೆ ಎಂದು ಒಬ್ಬ ಅವನನ್ನು ಬೇವಿನ ಬರಲಿನಲ್ಲಿ ಹೊಡೆದಿದ್ದ, ಕರೆದುಕೊಂಡು ಹೋಗಿದ್ದು ನಾವೇ. ಅದನ್ನು ಕ್ಷಮಿಸು ಎಂದು ಹೇಳುವ ಹಕ್ಕು ಯಾರಿಗಿದೆ? ಅಣ್ಣ "ಇದು ಬೇಡ" ಅಂದ, ಬಿಟ್ಟರು. ಬಿಡದೆ ಒತ್ತಾಯಿಸುವವರು ಸಿಕ್ಕರೆ ಅವರನ್ನೇ ಬಿಡಿ.

ಇನ್ನೊಂದು. "ಪಾಸಿಟಿವ್ ಆಗಿರು, ಎಲ್ಲ ಸರಿಹೋಗುತ್ತೆ" ಎಂದು ಬೆನ್ನು ತಟ್ಟುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಮಾತು ಕೇಳಿ ಕೇಳಿ ಅಣ್ಣ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟ.

ಉಳಿದವು, ಬೇಗ ಬೇಗ

ಬರೀ ‘ಕೌನ್ಸೆಲಿಂಗ್’: ನೈಸ್ ಮಾರ್ಗಸೂಚಿ ಸೈಕೋಸಿಸ್‌ಗೆ ಇದನ್ನೇ ಮುಖ್ಯ ಚಿಕಿತ್ಸೆಯಾಗಿ ಕೊಡಬೇಡಿ ಎನ್ನುತ್ತದೆ, ಆದರೆ ಬೇರೆ ಸಿಗದ ಊರಿನಲ್ಲಿ ಅದನ್ನು ಬಯಸುವವರಿಗೆ ಕೊಡಬಹುದು ಎಂಬ ಅವಕಾಶ ಬಿಟ್ಟಿದೆ. ನಮ್ಮ ಎಷ್ಟೋ ತಾಲ್ಲೂಕುಗಳ ಪರಿಸ್ಥಿತಿ ಅದೇ. ತಿಂಗಳಿಗೊಮ್ಮೆ ಕಿವಿಗೊಟ್ಟು ಕೇಳುವ ಒಬ್ಬರು ಸಿಕ್ಕರೂ ನಾನು ಬೇಡ ಅನ್ನುವುದಿಲ್ಲ.

ಮೆಟಾಕಾಗ್ನಿಟಿವ್ ಟ್ರೈನಿಂಗ್ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸ್ಟೆಫನ್ ಮೊರಿಟ್ಜ್ ತಂಡ ಮಾಡಿದ್ದು. ಆತುರದಲ್ಲಿ ತೀರ್ಮಾನಕ್ಕೆ ಬೀಳುವ ಮನಸ್ಸಿನ ಚಾಳಿಯನ್ನು ಚಿತ್ರ, ಒಗಟುಗಳ ಮೂಲಕ ಗುಂಪಿಗೆ ತೋರಿಸಿಕೊಡುತ್ತದೆ. ನೇರವಾಗಿ ತನ್ನ ಭ್ರಮೆಯ ಬಗ್ಗೆ ಮಾತಾಡಲು ಒಪ್ಪದವರಿಗೆ ಒಳ್ಳೆಯ ಬಾಗಿಲು.

ಅವತಾರ್ ಥೆರಪಿಯಲ್ಲಿ ಕೇಳಿಸುವ ದನಿಗೆ ಕಂಪ್ಯೂಟರಿನಲ್ಲಿ ಮುಖ ಕೊಟ್ಟು ಅದಕ್ಕೆ ಎದುರುತ್ತರ ಕೊಡುವುದನ್ನು ಅಭ್ಯಾಸ ಮಾಡಿಸುತ್ತಾರೆ. ಲಂಡನ್ನಿನಲ್ಲಿ 150 ಜನರ ಮೇಲೆ ನಡೆದ ಪ್ರಯೋಗದಲ್ಲಿ 12 ವಾರಕ್ಕೆ ಒಳ್ಳೆಯ ಫಲ ಕಂಡಿತ್ತು. 24 ವಾರಕ್ಕೆ ನೋಡಿದಾಗ ಆಪ್ತಸಮಾಲೋಚನೆ ಪಡೆದ ಇನ್ನೊಂದು ಗುಂಪೂ ಅದರ ಸಮಕ್ಕೆ ಬಂದಿತ್ತು. ಸದ್ಯಕ್ಕೆ ನಮ್ಮೂರಿನ ಆಯ್ಕೆಯಲ್ಲ.

ಪಕ್ಕಪಕ್ಕ ಇಟ್ಟು ನೋಡಿದರೆ

ದನಿಯ ಹೆದರಿಕೆ, ಅನುಮಾನ ಹಗಲು ರಾತ್ರಿ ಕಾಡುತ್ತಿದ್ದರೆ ಸಿಬಿಟಿ. ಆರು ತಿಂಗಳಿಗೊಮ್ಮೆ ಆಸ್ಪತ್ರೆ ಸೇರುವಂತಾಗಿದ್ದರೆ ಕುಟುಂಬದ ಚಿಕಿತ್ಸೆ, ಅದೂ ಮೊದಲು. ಕಾಯಿಲೆ ಒಂದು ಹದಕ್ಕೆ ಬಂದು ನಿಂತಿದೆ, ಆದರೆ ಮನುಷ್ಯ ಗೋಡೆ ನೋಡುತ್ತ ಕೂತಿದ್ದಾನೆ ಅಂದರೆ ನೆಮ್ಮದಿಯ ಚಿಕಿತ್ಸೆ. ಭ್ರಮೆ ಜೋರಾಗಿರುವಾಗ ಇದನ್ನು ಶುರುಮಾಡಿದರೆ ‘ನನ್ನ ಕಷ್ಟ ಇವರಿಗೆ ಆಟ’ ಅನ್ನಿಸಿ ಮುಂದೆ ಯಾವ ಥೆರಪಿಗೂ ಬಾರದೆ ಹೋಗಬಹುದು. ಹಾಗೆಂದು ದನಿ ಪೂರ್ತಿ ನಿಲ್ಲಲಿ ಎಂದು ಕಾದು ಕೂತರೂ ತಪ್ಪೇ, ಕೆಲವರಿಗೆ ಅದು ನಿಲ್ಲುವುದೇ ಇಲ್ಲ. ಗುಂಪಿನಲ್ಲಿ ಕೂರುವುದು ಕಷ್ಟವಾದವರು ಒಬ್ಬೊಬ್ಬರಿಗೇ ಮಾಡಿಸುತ್ತಾರಾ ಎಂದು ಕೇಳಲಿ. ಓದು ಬರಹ ಕಮ್ಮಿ ಇದ್ದರೆ ನೋಟ್‌ಬುಕ್ಕೇ ಆಗಬೇಕಿಲ್ಲ, ರಾತ್ರಿ ಊಟದ ಹೊತ್ತಿಗೆ ಬಾಯಲ್ಲಿ ಹೇಳಿದರೂ ಸಾಕು.

ಸಿಗುವುದು ಎಲ್ಲಿ, ಕೇಳುವುದು ಏನು

ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮನೋವೈದ್ಯಕೀಯ ವಿಭಾಗವಿರುವ ಮೆಡಿಕಲ್ ಕಾಲೇಜುಗಳಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಸಾಮಾನ್ಯವಾಗಿ ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬಂದು ನೋಡುವ ದಿನವಿದೆ, ಸಾಮಾನ್ಯವಾಗಿ ಮಂಗಳವಾರ. ಥೆರಪಿ ಅಲ್ಲಿ ಸಿಗದಿದ್ದರೂ ಎಲ್ಲಿಗೆ ಹೋಗಬೇಕೆಂದು ಬರೆಸಿಕೊಳ್ಳಬಹುದು. ಇಂಗ್ಲೆಂಡಿಗೆ ಓದಲು, ದುಡಿಯಲು ಹೋದ ನಮ್ಮವರಿಗೆ ಮೊದಲ ಸಲ ಸೈಕೋಸಿಸ್ ಕಾಣಿಸಿಕೊಂಡರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಇದಕ್ಕೇ ಮೀಸಲಾದ ತಂಡಗಳಿವೆ, ಸಿಬಿಟಿ ಮತ್ತು ಕುಟುಂಬ ಚಿಕಿತ್ಸೆ ಎರಡೂ ಅವರ ಪಟ್ಟಿಯಲ್ಲಿವೆ. ದುಭಾಷಿಯನ್ನೂ ಕೇಳಬಹುದು.

ಮೊದಲ ಭೇಟಿಯಲ್ಲಿ ಸಂಕೋಚಪಡದೆ ಕೇಳಿ: ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ? ಸೈಕೋಸಿಸ್ ಇರುವವರ ಜತೆ ಕೆಲಸ ಮಾಡಿದ್ದೀರಾ, ಅಥವಾ ಹೆಚ್ಚಾಗಿ ಖಿನ್ನತೆ, ಆತಂಕದವರನ್ನೇ ನೋಡಿದ್ದೀರಾ? ಎಷ್ಟು ಸೆಷನ್, ಏನಾದರೆ ನಿಲ್ಲಿಸುತ್ತೀರಿ? ನಮ್ಮ ಡಾಕ್ಟರ ಜತೆ ಮಾತಾಡುತ್ತೀರಾ? ಮಾತ್ರೆ ನಿಲ್ಲಿಸಿ ಬನ್ನಿ ಅನ್ನುವವರು ಸಿಕ್ಕರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಕನ್ನಡದಲ್ಲಿ ಸಲೀಸಾಗಿ ಮಾತಾಡುತ್ತಾರಾ ಎಂಬುದನ್ನೂ ನೋಡಿ. ಬೈಗುಳ ಕೇಳುವುದು ಕನ್ನಡದಲ್ಲಿ, ಅದನ್ನು ಅರ್ಧಂಬರ್ಧ ಇಂಗ್ಲಿಷಿನಲ್ಲಿ ಒಪ್ಪಿಸುವುದರೊಳಗೆ ಗಂಟೆ ಮುಗಿದಿರುತ್ತದೆ.

ಒಳಗೆ ಆಡಿದ ಮಾತು ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಇದೆ. ಬಾಗಿಲಾಚೆ ಕೂತ ಮನೆಯವರಿಗೆ ಇದೇ ಕಷ್ಟದ ಭಾಗ. ಅಣ್ಣನ ಮೊದಲ ಸೆಷನ್ ದಿನ ಅಮ್ಮನೂ ಬೆಂಗಳೂರಿಗೆ ಬಂದಿದ್ದಳು, ಒಳಗೆ ಹೋಗಲು ಸೆರಗು ಸರಿಮಾಡಿಕೊಂಡು ನಿಂತಿದ್ದಳು. ಅಮ್ಮ ಬರಲೇಬೇಕಾ ಎಂದು ಅಣ್ಣ ಸೈಕಾಲಜಿಸ್ಟ್‌ರನ್ನು ಕೇಳಿದ. ನಿಮಗೆ ಬೇಕಿದ್ದರೆ ಮಾತ್ರ ಅಂದರು ಅವರು. ಅಣ್ಣ ಒಂದು ಗಳಿಗೆ ಯೋಚಿಸಿ, "ಬೇಡ. ಅವಳು ಹೋಗಿ ಕಾಫಿ ಕುಡಿಯಲಿ, ಬೆಳಗ್ಗೆಯಿಂದ ಏನೂ ತಿಂದಿಲ್ಲ" ಅಂದ.